ಏಳನೆಯ ಎಳೆ

ಜಾಲ್ಸೂರು ದಾಟುತ್ತಿದ್ದ ಹಾಗೆ ವಾರಿಜಾಕ್ಷಿ ಚೀಲದೊಳಗಿಂದ ಪದಪಟ್ಟಿಯನ್ನು ಮೂರನೆಯ ಸಲ ಹೊರಗೆಳೆದಳು. ಎಡಗಡೆ ಹದಿನೆಂಟು ಇಂಗ್ಲಿಷ್ ಪದಗಳು, ಬಲಗಡೆ ಹದಿನೇಳು ಕನ್ನಡ ಪದಗಳು. ಒಂದರ ಎದುರಿನ ಜಾಗ ಖಾಲಿ ಇತ್ತು. ಆ ಖಾಲಿಯನ್ನು ನೋಡಲೇಬಾರದೆಂದು ಅವಳು ಉಳಿದ ಹದಿನೇಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದುತ್ತಿದ್ದಳು. ಕಣ್ಣು ಮಾತ್ರ ಹೇಳಿದ ಮಾತು ಕೇಳದೆ ಅಲ್ಲಿಗೇ ಹೋಗಿ ಕೂರುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಬಗ್ಗಿ ನೋಡಿ, "ಪರೀಕ್ಷೆ ಉಂಟಾ?" ಎಂದು ಕೇಳಿದಳು. ಐವತ್ತೊಂಬತ್ತು ವರ್ಷದ, ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟು ಎರಡು ವರ್ಷವಾದ, ಇನ್ನು ಹತ್ತೇ ತಿಂಗಳಲ್ಲಿ ನಿವೃತ್ತಿಯಾಗಲಿರುವ ತನ್ನನ್ನು ನೋಡಿ ಒಬ್ಬಳಿಗೆ ಹಾಗನ್ನಿಸಿತಲ್ಲ ಎಂದು ವಾರಿಜಾಕ್ಷಿಗೆ ಒಂದು ಗಳಿಗೆ ಖುಷಿಯೇ ಆಯಿತು. "ಹೌದು," ಎಂದಳು. "ಒಳ್ಳೇದಾಗ್ಲಿ," ಎಂದು ಹರಸಿ ಆ ಹೆಂಗಸು ನಿದ್ದೆಹೋದಳು.

ಪರೀಕ್ಷೆ ಎಂದದ್ದು ಪೂರ್ತಿ ಸುಳ್ಳೇನಾಗಿರಲಿಲ್ಲ. ದಕ್ಷಿಣ ದೂರವಾಣಿ ಎಂಬ ಹಳೆಯ ಕಂಪೆನಿಯ ಸುಳ್ಯ ಎಕ್ಸ್‌ಚೇಂಜಿನಲ್ಲಿ ಅವಳಿಗೆ ಮೂವತ್ತನಾಲ್ಕು ವರ್ಷ ಕಳೆದಿತ್ತು. ಇಪ್ಪತ್ತಾರು ಜನ ಇದ್ದ ಕಚೇರಿಯಲ್ಲಿ ಈಗ ಉಳಿದದ್ದು ಅಧಿಕಾರಿಯೆಂದು ಅವಳು, ಲೈನ್‌ಮನ್ ಎಂದು ಡೊಂಬಯ್ಯ, ಮತ್ತು ಇವರಿಬ್ಬರಿಗೆ ಹದಿನಾಲ್ಕು ಕುರ್ಚಿಗಳು. ಇದೀಗ ಜಿಗಿ ಫೈಬರ್ ಎಂಬ ಹೊಸ ಕಂಪೆನಿ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಿಗೆ ಕಾಲಿಡುತ್ತಿತ್ತು. ಹೊಸಬರಿಗೆ ನೆಲ ಅಗೆಯುವಷ್ಟು ತಾಳ್ಮೆ ಇಲ್ಲ. ಹಳಬರು ಯಾವಾಗಲೋ ಹೂತಿಟ್ಟ ಗಾಜಿನ ಕೇಬಲುಗಳಲ್ಲಿ ಬಳಕೆಯಾಗದೆ ಬಿದ್ದಿರುವ ಎಳೆಗಳನ್ನು ಬಾಡಿಗೆಗೆ ಕೊಡಿ ಎಂದು ಕೇಳಿಕೊಂಡು ಬಂದಿದ್ದರು. ಆ ಒಪ್ಪಂದದ ಮಾತುಕತೆ ಇವತ್ತು ಹನ್ನೊಂದಕ್ಕೆ, ಪುತ್ತೂರಿನ ಹೋಟೆಲೊಂದರ ಮಹಡಿಯಲ್ಲಿ. ಒಪ್ಪಂದದ ಜೊತೆ ಕನ್ನಡದ ಪದಪಟ್ಟಿಯೊಂದನ್ನು ಲಗತ್ತಿಸಲೇಬೇಕೆಂದು ಮೇಲಿನಿಂದ ಆದೇಶ ಬಂದಾಗ, ಮಂಗಳೂರಿನಿಂದ ವಿಭಾಗದ ಮುಖ್ಯಸ್ಥರಾದ ಹೈದರ್ ಸಾಹೇಬರು ನೇರ ಅವಳಿಗೇ ಫೋನು ಮಾಡಿದ್ದರು. "ವಾರಿಜಾಕ್ಷಿಯವ್ರೇ, ನಮ್ಮ ಡಿವಿಜನಿನಲ್ಲಿ ಕನ್ನಡ ಬರುದು ನಿಮಗೆ ಮಾತ್ರ." "ಸರ್, ಎಲ್ಲರಿಗೂ ಬರ್ತದಲ್ಲ?" "ಮಾತಾಡ್ಲಿಕ್ಕೆ ಬರ್ತದೆ. ಬರೆಯುವ ಕನ್ನಡ ಬೇರೆ ಅಲ್ವಾ?" ಪ್ರತಿ ನವೆಂಬರ್ ಒಂದಕ್ಕೆ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ದುಂಡಗಿನ ಅಕ್ಷರದಲ್ಲಿ ಶುಭಾಶಯ ಬರೆದ ತಪ್ಪಿಗೆ ಅವಳು ವಿದ್ವಾಂಸಳಾಗಿದ್ದಳು.

ಪದಗಳೊಡನೆ ಒಂದು ವಾರ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಮೊದಲನೆಯದೇ ಇನ್‌ಕಂಬೆಂಟ್ ಆಪರೇಟರ್. ಇದನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಯೋಚಿಸಿ ಯೋಚಿಸಿ, ಕಡೆಗೆ ಸಬ್ ರಿಜಿಸ್ಟ್ರಾರ್ ಕಚೇರಿ ನೆನಪಾಯಿತು. ಜಾಗ ಮಾರುವಾಗ ಇ.ಸಿ. ಎಂದು ತೆಗೆಸುತ್ತಾರಲ್ಲ, ಋಣಭಾರ ಪತ್ರ. ಅದರ ಇಂಗ್ಲಿಷೂ ಹೀಗೇ ಏನೋ ಎನ್‌ಕಂಬ್ ಎಂದು ಶುರುವಾಗುತ್ತದೆ. ಆ ಧೈರ್ಯದ ಮೇಲೆ ಅವಳು 'ಋಣಭಾರವುಳ್ಳ ಸಂಸ್ಥೆ' ಎಂದು ಬರೆದುಬಿಟ್ಟಳು. ದಕ್ಷಿಣ ದೂರವಾಣಿಯ ಸ್ಥಿತಿಗೆ ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ ನಿಘಂಟು ತೆರೆದು ನೋಡಬೇಕೆಂದೂ ಅನ್ನಿಸಲಿಲ್ಲ. ಮುಂದಿನದು ಚರ್ನ್. ಅದಕ್ಕೆ ನಿಘಂಟು ನೋಡಿದಳು: ಕಡೆಯುವುದು, ಮಥಿಸುವುದು. ಗಿರಾಕಿಗಳನ್ನು ಕಡೆಯುವುದು ಎಂದರೇನು? ದೊಡ್ಡದೊಂದು ಮಡಕೆಯಲ್ಲಿ ಸುಳ್ಯದ ಜನರೆಲ್ಲ ಗಿರಗಿರ ತಿರುಗುವುದು ಅವಳ ಕಣ್ಣಿಗೆ ಕಂಡಿತು. ಡಾಕ್ಟರು, ವಕೀಲರು, ಬಸ್‌ಸ್ಟ್ಯಾಂಡಿನ ಹಣ್ಣಿನಂಗಡಿಯವರು, ಎಲ್ಲರೂ ಒಬ್ಬರ ಮೇಲೊಬ್ಬರು ನೊರೆನೊರೆಯಾಗಿ ಏಳುತ್ತ. ಡೊಂಬಯ್ಯನಿಗೆ ಓದಿ ಹೇಳಿದರೆ ಅವನು ಸ್ಕ್ರೂಡ್ರೈವರಿನಿಂದ ಬೆನ್ನು ತುರಿಸಿಕೊಳ್ಳುತ್ತ, "ಕಡೀಲಿಕ್ಕೆ ಗಿರಾಕಿಗಳು ಇರಬೇಕಲ್ಲ ಅಕ್ಕ? ನಮ್ಮದು ನೀರುಮಜ್ಜಿಗೆ," ಎಂದ. ಆದರೂ ಅವಳು 'ಗ್ರಾಹಕಮಥನ' ಎಂದು ಬರೆದಳು. ಬರೆದ ಮೇಲೆ ಅದು ಯಾವುದೋ ಯಕ್ಷಗಾನ ಪ್ರಸಂಗದ ಹೆಸರಿನ ಹಾಗೆ ಕಂಡು ಒಬ್ಬಳೇ ನಕ್ಕಳು. ಲೆಗಸಿಗೆ ಪಿತ್ರಾರ್ಜಿತ. ಲಾಸ್ಟ್ ಮೈಲ್‌ಗೆ ಕೊನೆಯ ಮೈಲು. ಇದಕ್ಕೂ ಡೊಂಬಯ್ಯನ ತಕರಾರು ಇತ್ತು: "ಕೊನೇದು ಯಾರಿಗೆ? ಮನೆಯವರಿಗೆ ಅದೇ ಮೊದಲನೆಯದ್ದು."

ಬಸ್ಸು ಕಾವಿನಲ್ಲಿ ನಿಂತಿತು. ನಿಂತ ಬಸ್ಸಿನೊಳಗೆ ಮಾರ್ಚಿನ ಸೆಕೆ ಒಮ್ಮೆಲೇ ಮುಖಕ್ಕೆ ಬಡಿಯಿತು, ಜೊತೆಗೆ ಮೈಸೂರಿನ ಆ ತರಬೇತಿ ಹಾಲ್ ಕೂಡ. ಇಪ್ಪತ್ತು ವರ್ಷದ ಹಿಂದೆ, ತಣ್ಣಗಿನ ಹಾಲ್, ಎಂಬತ್ತು ಜನ, ಎದುರಿನ ಪರದೆಯ ಮೇಲಿನ ಸಾಲನ್ನು ಓದಿ ಎಂದು ಬೋಧಕ ಅವಳ ಕಡೆ ಬೆರಳು ತೋರಿದ್ದ. ಅವಳು ಎದ್ದು, ಸ್ಪಷ್ಟವಾಗಿ, ಶಾಲೆಯಲ್ಲಿ ಪದ್ಯ ಓದುವವಳ ಹಾಗೆ, "ಕಾಲ್ ಕ್ವೀವೆ ಮ್ಯಾನೇಜ್‌ಮೆಂಟ್" ಎಂದಿದ್ದಳು. ಕ್ಯೂ ಎಂಬ ಒಂದೇ ಅಕ್ಷರದ ಮಾತಿಗೆ ಹಿಂದೆ ನಾಲ್ಕು ಅಕ್ಷರ ಸುಮ್ಮನೆ ನಿಂತಿರುತ್ತವೆ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಹಾಲ್ ನಕ್ಕಿತು. ಊಟದ ಹೊತ್ತಿಗೆ ಪರಿಚಯವೇ ಇಲ್ಲದವರೂ ಅವಳನ್ನು ನೋಡಿ "ಕ್ವೀವೆಯಲ್ಲಿ ಬನ್ನಿ" ಎಂದರು. ಅಂದಿನಿಂದ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಬೇಕಾದರೂ ಅವಳ ಕೈ ತಡೆಯುತ್ತಿತ್ತು. ಕೈ ತಡೆದದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು.

ಖಾಲಿ ಬಿಟ್ಟ ಪದ ಡಾರ್ಕ್ ಫೈಬರ್. ಹದಿನೆಂಟರಲ್ಲಿ ಅವಳಿಗೆ ನಿಘಂಟಿನ ಸಹಾಯವಿಲ್ಲದೆ ಚೆನ್ನಾಗಿ ಅರ್ಥವಾಗಿದ್ದ ಪದ ಅದೊಂದೇ. ಹೂತಿದ್ದರೂ ಬೆಳಕು ಹಾಯಿಸದೆ ಬಿಟ್ಟ ಎಳೆ. ಸುಳ್ಯದಿಂದ ಆಲೆಟ್ಟಿಗೆ ಹೋದ ಕೇಬಲಿನಲ್ಲಿ ಅಂಥವು ಹನ್ನೆರಡು ಇದ್ದವು. ಆಲೆಟ್ಟಿಯಲ್ಲಿ ಹೊಸ ಎಕ್ಸ್‌ಚೇಂಜ್ ಬರುತ್ತದೆಂದು ಹಾಕಿದ್ದು, ಎಕ್ಸ್‌ಚೇಂಜ್ ಬರಲಿಲ್ಲ, ಕೇಬಲು ಮಣ್ಣಿನಡಿ ಉಳಿಯಿತು. ಕಾಗದದಲ್ಲಿ ಇವತ್ತಿಗೂ ಹನ್ನೆರಡು ಡಾರ್ಕ್. ಮಣ್ಣಿನಡಿ ಹನ್ನೊಂದು.

ಐದು ವರ್ಷದ ಹಿಂದೆ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಆ ಏಪ್ರಿಲಿನಲ್ಲಿ, ಎಕ್ಸ್‌ಚೇಂಜಿನ ಮೆಟ್ಟಿಲಿನ ಮೇಲೆ ಒಬ್ಬಳು ಹುಡುಗಿ ಬಂದು ಕೂರುತ್ತಿದ್ದಳು. ಆಲೆಟ್ಟಿಯ ಆಶಾ ಕಾರ್ಯಕರ್ತೆ ರಿಝ್ವಾನಾ. ಊರಿನಲ್ಲಿ ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂಬ ಪಟ್ಟಿಯನ್ನು ದಿನವೂ ಫೋನಿನಿಂದ ಮೇಲೆ ಕಳಿಸಬೇಕು. ಅವಳ ಊರಿನಲ್ಲಿ ಸಿಗ್ನಲ್ ಇಲ್ಲ, ಬಸ್ಸೂ ಇಲ್ಲ. ಆರು ಕಿಲೋಮೀಟರ್ ನಡೆದು ಬಂದು, ಎಕ್ಸ್‌ಚೇಂಜಿನ ವೈಫೈಯಿಂದ ಕಳಿಸಿ, ಮತ್ತೆ ಆರು ನಡೆಯುವುದು. ಒಂದು ದಿನ ಅವಳು ಚಪ್ಪಲಿ ತೆಗೆದಿಟ್ಟಾಗ ಹಿಮ್ಮಡಿ ಒಡೆದು ರಕ್ತ ಬಂದದ್ದು ವಾರಿಜಾಕ್ಷಿಗೆ ಕಂಡಿತು. "ನಾಳೆ ಬರ್ಬೇಡ ಮಾರಾಯ್ತಿ," ಎಂದಳು. "ಬರದಿದ್ರೆ ಆಗುದಿಲ್ಲ ಅಕ್ಕ, ದಿನಾ ಕೇಳ್ತಾರೆ," ಎಂದು ರಿಝ್ವಾನಾ ನಕ್ಕಳು. ಆ ನಗೆ ವಾರಿಜಾಕ್ಷಿಗೆ ಸಹಿಸಲಿಕ್ಕಾಗಲಿಲ್ಲ. ಮರುದಿನ ಬೆಳಿಗ್ಗೆ ಡೊಂಬಯ್ಯನನ್ನು ಕರೆದು, ಎಳೆಯ ಎರಡು ತುದಿಗೆ ಜೋಡಿಸಿದರೆ ವೈಫೈ ಹಾಯಿಸುವ, ಗುಜರಿಗೆ ಹೋಗಬೇಕಿದ್ದ ಎರಡು ಪೆಟ್ಟಿಗೆಗಳನ್ನು ಹುಡುಕಿಸಿ, ಒಂದನ್ನು ತನ್ನ ಕಪಾಟಿನಲ್ಲೇ ಇಟ್ಟು, ಇನ್ನೊಂದನ್ನು ಆಲೆಟ್ಟಿಯ ಹಾಲಿನ ಸೊಸೈಟಿಯ ಗೋಡೆಗೆ ಬಡಿಯಲು ಅವನ ಕೈಯಲ್ಲಿ ಕಳಿಸಿದಳು. ಹನ್ನೆರಡರಲ್ಲಿ ಏಳನೆಯದನ್ನೇ ಯಾಕೆ ಆರಿಸಿದಳೆಂದರೆ, ಮೊದಲಿನವು ಪರಿಶೀಲನೆಗೆ ಬಂದವರ ಕಣ್ಣಿಗೆ ಬೀಳುತ್ತವೆ, ಕೊನೆಯವೂ ಬೀಳುತ್ತವೆ. ನಡುವಿನದನ್ನು ಯಾರೂ ನೋಡುವುದಿಲ್ಲ. ಇಷ್ಟು ಲೆಕ್ಕಾಚಾರ ಮಾಡಿದ್ದರಿಂದಲೇ, ಅದು ಬರೀ ಕರುಣೆಯಾಗಿರಲಿಲ್ಲ, ಕಳ್ಳತನವೂ ಆಗಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಮಧ್ಯಾಹ್ನ ಪೆಟ್ಟಿಗೆಯ ಮೇಲೆ ಹಸಿರು ದೀಪ ಮಿನುಗಿದಾಗ ಮಾತ್ರ ಮೂವತ್ತು ವರ್ಷದ ನೌಕರಿಯಲ್ಲಿ ಎಂದೂ ಆಗದಿದ್ದ ಒಂದು ಹುರುಪು ಅವಳ ಮೈಯಲ್ಲಿ ಓಡಾಡಿತ್ತು.

ಅನುಮತಿ ಕೇಳಿ ಪತ್ರ ಬರೆಯಲು ಅವಳು ಆ ದಿನವೇ ಕೂತಿದ್ದಳು. ರೆಸ್ಪೆಕ್ಟೆಡ್ ಸರ್ ಆಯಿತು. ಐ ಹ್ಯಾವ್ ಆಯಿತು. ಬೆಳಕು ಹಾಕಿದ್ದೇನೆ ಎನ್ನಲು ಲಿಟ್ ಎನ್ನಬೇಕೋ ಲೈಟೆಡ್ ಎನ್ನಬೇಕೋ? ಲಿಟ್ ಎಂದು ಬರೆದಳು, ಅದು ಗಿಡ್ಡವಾಗಿ, ಮುರಿದ ಹಾಗೆ ಕಂಡಿತು. ಹೊಡೆದುಹಾಕಿ ಲೈಟೆಡ್ ಎಂದು ಬರೆದಳು. ಎಂಬತ್ತು ಜನ ಒಟ್ಟಿಗೆ ನಕ್ಕ ಸದ್ದು ಕೇಳಿಸಿತು. ನಾಳೆ ಬರೆಯೋಣ ಎಂದು ಕಾಗದ ಮಡಚಿಟ್ಟಳು. ಎರಡು ವಾರದ ಮಟ್ಟಿಗಲ್ಲವೇ. ಎರಡು ವಾರ ಐದು ವರ್ಷವಾಯಿತು. ಸೊಸೈಟಿಯ ಹಾಲು ಅಳೆಯುವ ಯಂತ್ರ ಆ ಎಳೆಗೆ ಬಂತು. ಪಡಿತರ ಅಂಗಡಿಯವರು ಹೆಬ್ಬೆಟ್ಟಿನ ಯಂತ್ರವನ್ನು ಅಲ್ಲಿಗೇ ತಂದಿಟ್ಟರು. ಗಲ್ಫಿನಲ್ಲಿರುವ ಮಕ್ಕಳ ಮುಖ ನೋಡುವವರು ಸಂಜೆ ಸಂಜೆ ಅಲ್ಲಿ ಸೇರತೊಡಗಿದರು. ಪಂಚಾಯತಿನ ಸದಸ್ಯನೊಬ್ಬ 'ನನ್ನ ಅವಿರತ ಪ್ರಯತ್ನದಿಂದ ಉಚಿತ ವೈಫೈ' ಎಂದು ತನ್ನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದನಂತೆ. ಡೊಂಬಯ್ಯ ಬಂದು ಹೇಳಿದಾಗ ವಾರಿಜಾಕ್ಷಿಗೆ ದೊಡ್ಡ ನಿರಾಳವಾಯಿತು, ಮತ್ತು ಅದರ ಹಿಂದೆಯೇ ಹೊಟ್ಟೆ ಉರಿಯಿತು. ತಾನು ಮಾತ್ರ ಒಂದು ದಿನವೂ ಆಲೆಟ್ಟಿಯ ಕಡೆ ತಲೆ ಹಾಕಲಿಲ್ಲ.

ಕಳೆದ ಗುರುವಾರ ಉಪ್ಪಿನಂಗಡಿಯಲ್ಲಿ ಅಕ್ಕನ ಮಗಳ ಮದುವೆಯೆಂದು ಅವಳು ರಜೆ ಹಾಕಿದ ದಿನವೇ ಜಿಗಿಯವರು ಯಂತ್ರ ತಂದು ಆಲೆಟ್ಟಿಯ ಕೇಬಲನ್ನು ಪರೀಕ್ಷೆ ಮಾಡಿ ಹೋಗಿದ್ದರು. "ಯಾರು ಬಂದದ್ದು?" ಎಂದು ಕೇಳಿದರೆ, "ನಮ್ಮ ಅಶ್ವಿತ್, ಅಕ್ಕ. ಕಡಬದವ. ಎಲ್ಲವನ್ನೂ ನೋಡಿದ, ಎಂತ ಮಾತಾಡ್ಲಿಲ್ಲ," ಎಂದಿದ್ದ ಡೊಂಬಯ್ಯ. ಅಶ್ವಿತ್ ಎಂಟು ವರ್ಷದ ಹಿಂದೆ ಅವಳ ಕೈಕೆಳಗೆ ಆರು ತಿಂಗಳು ಕೆಲಸ ಕಲಿತವನು. ಕೂದಲಿಗಿಂತ ಸಪೂರದ ಗಾಜಿನ ಎಳೆಗಳನ್ನು ಬೆಸೆಯುವಾಗ ಉಸಿರು ಹಿಡಿದುಕೊಳ್ಳಬೇಕೆಂದು ಅವನಿಗೆ ಕಲಿಸಿದ್ದು ಅವಳೇ. ಎಂತ ಮಾತಾಡಲಿಲ್ಲ ಎಂದರೆ ಏನರ್ಥ? ಅಂದಿನಿಂದ ಆ ಮೌನವನ್ನು ಅವಳು ಭಾಷಾಂತರಿಸುತ್ತಲೇ ಇದ್ದಳು. ಅದಕ್ಕೆ ಹದಿನೇಳು ಅರ್ಥಗಳಿದ್ದವು.

ಪುತ್ತೂರಿನ ಹೋಟೆಲಿನ ಮಹಡಿಯಲ್ಲಿ ಎ.ಸಿ. ಎಷ್ಟು ಜೋರಾಗಿತ್ತೆಂದರೆ ಹೈದರ್ ಸಾಹೇಬರು ಕರವಸ್ತ್ರವನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದರು. ಮೇಜಿನ ಆಚೆ ಅಶ್ವಿತ್, ಅವನ ಪಕ್ಕ ಜಿಗಿಯ ವಲಯ ಮುಖ್ಯಸ್ಥೆ ಪ್ರೀತಿಕಾ. ಮೂವತ್ತೈದು ದಾಟಿರಲಿಕ್ಕಿಲ್ಲ, ಮಾತಾಡುವಾಗ ಎರಡೂ ಕೈಗಳಿಂದ ಗಾಳಿಯಲ್ಲಿ ಸಣ್ಣ ಸಣ್ಣ ಪೆಟ್ಟಿಗೆಗಳನ್ನು ಮಾಡಿ ಇಡುತ್ತಿದ್ದಳು. "ನೀವು ಇನ್‌ಕಂಬೆಂಟ್, ನಾವು ಚಾಲೆಂಜರ್. ಬಟ್ ಇದು ಕಾಂಪಿಟಿಷನ್ ಅಲ್ಲ, ಕೋ-ಕ್ರಿಯೇಷನ್. ನಿಮ್ಮ ಹತ್ತಿರ ದೊಡ್ಡ ಲೆಗಸಿ ಇದೆ." ಹೈದರ್ ಸಾಹೇಬರು ಎದೆಯ ಮೇಲೆ ಕೈಯಿಟ್ಟು, "ಥ್ಯಾಂಕ್ಯೂ ಮೇಡಂ, ನಲುವತ್ತು ವರ್ಷದ್ದು," ಎಂದರು. ಅಶ್ವಿತ್ ಮೇಜಿನ ಮೇಲೆ ಬಾಗಿ, ನೀರಿನ ಬಾಟಲಿ ಸರಿಸುವ ನೆಪದಲ್ಲಿ, "ಅಕ್ಕ, ಅವರು ಹೊಗಳಿದ್ದಲ್ಲ," ಎಂದು ಪಿಸುಗುಟ್ಟಿದ. "ನಮ್ಮಲ್ಲಿ ಲೆಗಸಿ ಅಂದ್ರೆ ಹಳೇ ಸಾಮಾನು." ವಾರಿಜಾಕ್ಷಿ ಬೆರಗಾಗಿ ತನ್ನ ಪಟ್ಟಿಯನ್ನು ನೋಡಿದಳು. ಒಂದೇ ಪದ ಮೇಜಿನ ಈ ಕಡೆ ಪಿತ್ರಾರ್ಜಿತ, ಆ ಕಡೆ ಗುಜರಿ. ಹೀಗಾದರೆ ಪ್ರತಿ ಪದಕ್ಕೂ ಎರಡು ಕನ್ನಡ ಬೇಕಾಗುತ್ತದಲ್ಲ, ಒಂದು ಇದ್ದವರದು, ಒಂದು ಬಂದವರದು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಕಾಗದವನ್ನು ಅಡ್ಡಕ್ಕೆ ಹಿಡಿದು ಬರೆಯುತ್ತಿದ್ದಳು.

"ನಮ್ಮ ವಾರಿಜಾಕ್ಷಿಯವ್ರು ಕನ್ನಡದ ಪಟ್ಟಿ ಮಾಡಿದ್ದಾರೆ," ಎಂದು ಹೈದರ್ ಸಾಹೇಬರು ಅವಳ ಕೈಯಿಂದ ಹಾಳೆಯನ್ನು ತೆಗೆದುಕೊಂಡೇಬಿಟ್ಟರು, ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. "ಇನ್‌ಕಂಬೆಂಟ್ ಆಪರೇಟರ್: ಋಣಭಾರವುಳ್ಳ ಸಂಸ್ಥೆ." ನಿಲ್ಲಿಸಿದರು. "ಇದು ಯಾರು?"

"ನಾವು ಸರ್."

ಪ್ರೀತಿಕಾ ಮೊದಲು ನಕ್ಕಳು, ಆಮೇಲೆ ಅಶ್ವಿತ್, ಕಾಫಿ ಇಡಲು ಬಂದವನೂ ನಕ್ಕ. "ಅಯ್ಯೋ ಅಲ್ಲ ಮೇಡಂ, ಇನ್‌ಕಂಬೆಂಟ್ ಅಂದ್ರೆ ಮೊದಲಿಂದ ಇರುವವರು. ಸೀಟಿನಲ್ಲಿ ಕೂತವರು," ಎಂದು ಪ್ರೀತಿಕಾ ಕೈಯಿಂದ ಒಂದು ಕುರ್ಚಿ ಮಾಡಿ ತೋರಿಸಿದಳು. ವಾರಿಜಾಕ್ಷಿಯ ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷ ಕಳೆದರೂ ಮೈಸೂರಿನ ಹಾಲ್ ತನ್ನನ್ನು ಬಿಡದೆ ಪುತ್ತೂರಿಗೇ ಬಂದಿದೆ. ಹೈದರ್ ಸಾಹೇಬರು ಮಾತ್ರ ನಗಲಿಲ್ಲ. ಹಾಳೆಯನ್ನು ದೂರ ಹಿಡಿದು ಇನ್ನೊಮ್ಮೆ ನೋಡಿ, "ಇರಲಿ. ಇದೂ ಸರಿಯಾಗಿಯೇ ಉಂಟು," ಎಂದರು.

ಮಾತು ಕೇಬಲುಗಳಿಗೆ ಬಂತು. ಅಶ್ವಿತ್ ಲ್ಯಾಪ್‌ಟಾಪ್ ತಿರುಗಿಸಿ ಒಂದೊಂದೇ ದಾರಿ ಓದಿದ: ಕಡಬ, ಉಪ್ಪಿನಂಗಡಿ, ಬೆಟ್ಟಂಪಾಡಿ. ಕೊನೆಗೆ ಆಲೆಟ್ಟಿ. ವಾರಿಜಾಕ್ಷಿ ಮೇಜಿನಡಿ ಎರಡು ಕೈಗಳನ್ನೂ ಒಂದಕ್ಕೊಂದು ಹೆಣೆದುಕೊಂಡಳು. "ಹನ್ನೆರಡು ಎಳೆ. ಹನ್ನೊಂದು ಕ್ಲೀನ್ ಡಾರ್ಕ್," ಎಂದ ಅಶ್ವಿತ್. ಅವಳ ಕಡೆ ನೋಡಲಿಲ್ಲ. "ಏಳನೆಯದರಲ್ಲಿ ಸ್ವಲ್ಪ ಲೆಗಸಿ ರೆಸಿಡ್ಯುಯಲ್ ನಾಯ್ಸ್ ಉಂಟು."

ಹಾಗೆಂದರೆ ಏನೂ ಅಲ್ಲವೆಂದು ವಾರಿಜಾಕ್ಷಿಗೆ ತಕ್ಷಣ ಗೊತ್ತಾಯಿತು. ಮೂರು ದೊಡ್ಡ ಪದಗಳನ್ನು ಒಂದರ ಮೇಲೊಂದು ಹೊದೆಸಿ ಹುಡುಗ ತನ್ನನ್ನು ಮುಚ್ಚುತ್ತಿದ್ದಾನೆ. ಆದರೆ ಮೇಜಿನ ಸುತ್ತ ಎಲ್ಲ ತಲೆಗಳೂ ಗಂಭೀರವಾಗಿ ಆಡಿದವು. ಅದೇನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. "ಆ ನಾಯ್ಸ್ ನಮ್ಮ ಎಲ್ಲ ಕೇಬಲಿನಲ್ಲೂ ಬರ್ತದೆ," ಎಂದರು ಹೈದರ್ ಸಾಹೇಬರು. "ಹಳೇದಾದಾಗ ಬಂದೇ ಬರ್ತದೆ." ಪ್ರೀತಿಕಾ ಬರೆದುಕೊಂಡಳು. "ನೋ ಇಷ್ಯೂ. ಸೋಮವಾರ ಕ್ಲೀನಪ್ ಮಾಡ್ತೇವೆ."

ಬಿಸಿನೀರು ಹೊಯ್ದುಕೊಂಡ ಹಾಗೆ ಒಂದು ಸುಖ ವಾರಿಜಾಕ್ಷಿಯ ಬೆನ್ನಿಗುಂಟ ಇಳಿಯಿತು. ಮುಗಿಯಿತು. ಐದು ವರ್ಷದ ಕಳ್ಳತನಕ್ಕೆ ಒಂದು ಒಳ್ಳೆಯ ಇಂಗ್ಲಿಷ್ ಹೆಸರು ಸಿಕ್ಕಿತು, ಸೋಮವಾರ ಅದನ್ನು ಒರೆಸಿಯೂ ಬಿಡುತ್ತಾರೆ. ಹತ್ತು ತಿಂಗಳು ಕಳೆದರೆ ಹಾರ, ಶಾಲು, ಹಣ್ಣಿನ ಬುಟ್ಟಿ. ಸೋಮವಾರ ಎಂದರೆ ಪಡಿತರದ ವಾರ. ಹೆಬ್ಬೆಟ್ಟು ಒತ್ತಿದರೆ ಯಂತ್ರ ಸುಮ್ಮನಿರುತ್ತದೆ. ಅಕ್ಕಿಯ ಚೀಲ ಹಿಡಿದವರು ಮೊದಲು ಬೆರಳು ಒರೆಸಿಕೊಂಡು ಇನ್ನೊಮ್ಮೆ ಒತ್ತುತ್ತಾರೆ, ಆಮೇಲೆ ಇನ್ನೊಂದು ಬೆರಳು. ತಪ್ಪು ತಮ್ಮ ಬೆರಳಿನದೇ ಎಂದುಕೊಳ್ಳುತ್ತಾರೆ. ಜನ ಹಾಗೆಯೇ ಅಲ್ಲವೇ, ತಾನೂ ಹಾಗೆಯೇ ಅಲ್ಲವೇ, ಏನು ಕೆಟ್ಟರೂ ಮೊದಲು ತನ್ನ ನಾಲಿಗೆಯನ್ನೇ ಸಂಶಯಿಸುವುದು. ಹೊಸಬರ ಕಂಬಗಳು ಆಲೆಟ್ಟಿಗೆ ಬರಬಹುದು, ಒಂದು ವರ್ಷ, ಎರಡು ವರ್ಷ, ಲಾಭ ಇದ್ದರೆ.

"ಇದೊಂದು ಖಾಲಿ ಉಂಟಲ್ಲ ವಾರಿಜಾಕ್ಷಿಯವ್ರೇ?" ಹೈದರ್ ಸಾಹೇಬರು ಪಟ್ಟಿಯ ಕೊನೆಗೆ ಬಂದಿದ್ದರು. "ಡಾರ್ಕ್ ಫೈಬರ್. ಎಂತ ಬರೀಲೇ ಇಲ್ಲ?"

"ಅದು ನಾಯ್ಸ್ ಅಲ್ಲ ಸರ್," ಎಂದಳು ವಾರಿಜಾಕ್ಷಿ.

"ಯಾವುದು?"

"ಏಳನೆಯದ್ದು."

"ಮತ್ತೆಂತ?"

"ಅದು ನಾನು."

ಅಶ್ವಿತ್ ಕಣ್ಣು ಮುಚ್ಚಿಕೊಂಡ. ವಾರಿಜಾಕ್ಷಿ ಹೇಳಿದಳು. ಕ್ರಮವಾಗಿ ಹೇಳಲಿಕ್ಕಾಗಲಿಲ್ಲ, ಪಡಿತರದಿಂದ ಶುರುವಾಗಿ ಗುಜರಿ ಪೆಟ್ಟಿಗೆಗೆ ಬಂದು, ಅಲ್ಲಿಂದ ರಿಝ್ವಾನಾಳ ಹಿಮ್ಮಡಿಗೆ ಹೋಗಿ, ನಡುವೆ ಡೊಂಬಯ್ಯನ ತಪ್ಪೇನಿಲ್ಲವೆಂದು ಮೂರು ಸಲ ಹೇಳಿದಳು. ಹೈದರ್ ಸಾಹೇಬರ ಮುಖ ಮೊದಲು ಕೆಂಪಾಗಿ, ಆಮೇಲೆ ಬಿಳಿ ಕರವಸ್ತ್ರದ ಬಣ್ಣಕ್ಕೆ ತಿರುಗಿತು. "ಯಾರ ಅನುಮತಿ ಇತ್ತು?"

"ಯಾರದ್ದೂ ಇಲ್ಲ ಸರ್."

"ನನಗೊಂದು ಪತ್ರ ಬರೀಬಹುದಿತ್ತಲ್ಲ ಮಾರಾಯ್ರೆ! ಆ ಸಮಯದಲ್ಲಿ ಕೇಳಿದ್ರೆ ಯಾರು ಬೇಡ ಹೇಳ್ತಿದ್ರು?"

"ಬರೀಲಿಕ್ಕೆ ಕೂತಿದ್ದೆ ಸರ್. ಲಿಟ್ ಅಂತ ಬರೀಬೇಕಾ, ಲೈಟೆಡ್ ಅಂತ ಬರೀಬೇಕಾ ಗೊತ್ತಾಗ್ಲಿಲ್ಲ."

ಹೈದರ್ ಸಾಹೇಬರು ಬೈಯಲು ಬಾಯಿ ತೆರೆದವರು ಹಾಗೆಯೇ ತಡೆದರು. ಅವರ ಹುಬ್ಬುಗಳ ನಡುವೆ ಬೇರೆಯೇ ಒಂದು ಗೆರೆ ಮೂಡಿತು. ಮೆಲ್ಲಗೆ ಪ್ರೀತಿಕಾಳ ಕಡೆ ತಿರುಗಿ, "ಯಾವುದು ಮೇಡಂ?" ಎಂದು ಕೇಳಿದರು.

ಪ್ರೀತಿಕಾ ಫೋನಿನಲ್ಲಿ ಹುಡುಕಿದಳು. "ಎರಡೂ ಸರಿ ಅಂತೆ," ಎಂದಳು.

ವಾರಿಜಾಕ್ಷಿಗೆ ಅಳು ಬರುತ್ತದೆಂದು ತೋರಿತು, ಬಂದದ್ದು ನಗು. ತಡೆಯಲಿಕ್ಕಾಗದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಲುಕುವ ಹಾಗೆ ನಕ್ಕಳು. ಎರಡೂ ಸರಿ. ಐದು ವರ್ಷ ಆ ಪತ್ರ ಮಡಚಿದಲ್ಲೇ ಉಳಿಯಿತಲ್ಲ, ಅದಕ್ಕೆ ಕಾರಣವಾದ ತಪ್ಪು ಇರಲೇ ಇಲ್ಲ. ಯಾರೂ ಅವಳ ಜೊತೆ ನಗಲಿಲ್ಲ, ಅವಳನ್ನು ನೋಡಿಯೂ ನಗಲಿಲ್ಲ. ಅವಳು ಮುಗಿಸುವವರೆಗೆ ಮರ್ಯಾದೆಯಿಂದ ಕಾದರು.

ಮೊದಲು ಚೇತರಿಸಿಕೊಂಡವಳು ಪ್ರೀತಿಕಾ. "ಎಷ್ಟು ಫೋನ್ ಕನೆಕ್ಟ್ ಆಗ್ತವೆ?" ಡೊಂಬಯ್ಯ ಹಿಂದೊಮ್ಮೆ ಹೇಳಿದ್ದನ್ನು ನೆನೆದು ವಾರಿಜಾಕ್ಷಿ ನೂರೆಂಬತ್ತು ಎಂದಳು. "ಐದು ವರ್ಷದಲ್ಲಿ ಚರ್ನ್ ಎಷ್ಟು? ಅಂದ್ರೆ, ಬೇಡ ಅಂತ ಬಿಟ್ಟುಹೋದವರು?" ಓ, ಅಷ್ಟೇಯೋ ಚರ್ನ್ ಎಂದರೆ, ಎಂದುಕೊಂಡಳು ವಾರಿಜಾಕ್ಷಿ. "ಯಾರೂ ಬಿಡಲಿಲ್ಲ. ಇಬ್ಬರು ತೀರಿಹೋದರು." ಪ್ರೀತಿಕಾ ಪೆನ್ನು ಕೆಳಗಿಟ್ಟಳು. "ಹೈದರ್ ಸರ್, ಆ ಕ್ಲಸ್ಟರನ್ನು, ಅಷ್ಟೂ ಜನರನ್ನು, ನಮಗೆ ಕೊಡಿ. ಬಾಡಿಗೆ ಸ್ವಲ್ಪ ಹೆಚ್ಚು ಮಾಡುವ."

ಆಗ ಹೈದರ್ ಸಾಹೇಬರಿಗೆ ಏನಾಯಿತೆಂದು ಅವರಿಗೇ ತಿಳಿದಿರಲಿಕ್ಕಿಲ್ಲ. ಹತ್ತು ವರ್ಷಗಳಿಂದ ಎಕ್ಸ್‌ಚೇಂಜ್ ಮುಚ್ಚುವ ಪತ್ರಗಳಿಗೆ, ಫೋನು ಹಿಂದಿರುಗಿಸುವ ಪತ್ರಗಳಿಗೆ ಸಹಿ ಹಾಕುತ್ತ ಬಂದ ಮನುಷ್ಯ; ಕುತ್ತಿಗೆಯ ಕರವಸ್ತ್ರ ಬಿಚ್ಚಿ ಮೇಜಿನ ಮೇಲೆ ಹಾಕಿ, ನೆಟ್ಟಗೆ ಕೂತರು. "ಅದಾಗುದಿಲ್ಲ ಮೇಡಂ. ಅವರು ನಮ್ಮ ಗ್ರಾಹಕರು." ಆ ಮಾತು ಅವರ ಬಾಯಿಯಿಂದ ಕೇಳಿ ವಾರಿಜಾಕ್ಷಿ ಬೆಚ್ಚಿದಳು. "ಹನ್ನೊಂದು ಎಳೆ ತಕ್ಕೊಳ್ಳಿ. ಏಳನೆಯದ್ದು ಚಾಲೂ ಉಂಟು." ಪ್ರೀತಿಕಾ ಇನ್ನೆರಡು ಸಲ ಕೇಳಿ, ಕೈಯಿಂದ ಗಾಳಿಯಲ್ಲಿ ಮಾಡಿದ್ದ ಪೆಟ್ಟಿಗೆಯನ್ನು ಬಿಚ್ಚಿ, ಹನ್ನೊಂದಕ್ಕೇ ಒಪ್ಪಿದಳು.

ಊಟಕ್ಕೆ ಕೈ ತೊಳೆಯುವಲ್ಲಿ ಪ್ರೀತಿಕಾ ಅವಳ ಪಕ್ಕ ಬಂದು ನಿಂತಳು. ಇಂಗ್ಲಿಷನ್ನು ಮೇಜಿನ ಮೇಲೆಯೇ ಬಿಟ್ಟು ಬಂದವಳ ಹಾಗೆ, "ನಾನು ಬೆಟ್ಟಂಪಾಡಿಯವಳು ಅಕ್ಕ," ಎಂದಳು. "ಕೆಲಸಕ್ಕೆ ಸೇರಿ ಒಂದು ವರ್ಷ ಚರ್ನ್ ಅಂದ್ರೆ ಎಂತ ಅಂತ ನನಗೂ ಗೊತ್ತಿರ್ಲಿಲ್ಲ. ಮೀಟಿಂಗಿನಲ್ಲಿ ತಲೆ ಆಡಿಸ್ತಿದ್ದೆ. ಯಾರ ಹತ್ತಿರ ಕೇಳುದು?" ವಾರಿಜಾಕ್ಷಿಗೆ ಅವಳ ಕೆನ್ನೆ ಸವರಬೇಕೆನಿಸಿತು, ಕೈ ಒದ್ದೆಯಿತ್ತು. "ನಾಳೆ ನಿಮ್ಮ ಆಲೆಟ್ಟಿಗೆ ನಾನು ಕಂಬ ಹಾಕಿಯೇ ಹಾಕ್ತೇನೆ, ಬೇಜಾರು ಮಾಡ್ಬೇಡಿ," ಎಂದು ಪ್ರೀತಿಕಾ ನಕ್ಕು ಹೋದಳು.

ಮೆಟ್ಟಿಲಿಳಿಯುವಾಗ ಹೈದರ್ ಸಾಹೇಬರು ಅವಳನ್ನು ನಿಲ್ಲಿಸಿದರು. "ಮೆಮೊ ಕೊಡ್ಲೇಬೇಕಾಗ್ತದೆ. ಎಲ್ಲರ ಎದುರು ಹೇಳಿಬಿಟ್ರಿ. ಒಂದು ಇನ್‌ಕ್ರಿಮೆಂಟ್ ಹೋಗ್ಬಹುದು, ಉಳಿದ ಹತ್ತು ತಿಂಗಳಿಗೆ ಕಡಬಕ್ಕೆ ಹಾಕ್ಬಹುದು. ನನ್ನ ಕೈಯಲ್ಲಿ ಎಂತ ಇಲ್ಲ." "ಆಯ್ತು ಸರ್." "ಉತ್ತರ ಬರೀಲಿಕ್ಕುಂಟು." ಸುತ್ತ ನೋಡಿ, "ಕನ್ನಡದಲ್ಲೇ ಬರೀರಿ. ಓದಿ ಅರ್ಥ ಮಾಡ್ಕೊಳ್ಳುವ ಕಷ್ಟ ಮೇಲಿನವರಿಗೇ ಇರ್ಲಿ," ಎಂದರು. ಅಶ್ವಿತ್ ಹೊರಗೆ ಕಾರಿನ ಹತ್ತಿರ ನಿಂತಿದ್ದ. "ಎಂತಕ್ಕೆ ಹೇಳಿದ್ರಿ ಅಕ್ಕ? ನಾನು ಎಷ್ಟು ಕಷ್ಟಪಟ್ಟು ಆ ಹೆಸರು ಹುಡುಕಿದ್ದೆ," ಎಂದ, ನಿಜವಾಗಿಯೂ ನೊಂದವನ ಹಾಗೆ. "ಹೆಸರು ಚಂದ ಇತ್ತು ಮಗ," ಎಂದಳು.

ಸುಳ್ಯದಲ್ಲಿ ಇಳಿದು ಮನೆಗೆ ಹೋಗಬೇಕಿತ್ತು. ಕಡಬ ಎಂದರೆ ದಿನಕ್ಕೆ ಎರಡು ಬಸ್ಸು ಬದಲಾಯಿಸಬೇಕು, ಮೊಣಕಾಲು ನೋವಿಗೆ ಇನ್ನು ಎಣ್ಣೆ ಬೇರೆ ತರಬೇಕು ಎಂದು ಯೋಚಿಸುತ್ತ ನಡೆದ ಅವಳ ಕಾಲು, ಆಲೆಟ್ಟಿಗೆ ಹೊರಟ ಜೀಪಿನ ಬಾಗಿಲಿನಲ್ಲಿತ್ತು. ಐದು ಗಂಟೆಯ ಹೊತ್ತಿಗೆ ಹಾಲಿನ ಸೊಸೈಟಿಯ ಎದುರು ಇಳಿದಳು. ಇಷ್ಟು ಚಿಕ್ಕದೆಂದು ಅವಳು ಎಣಿಸಿರಲಿಲ್ಲ. ಹಂಚಿನ ಮಾಡು, ಸಿಮೆಂಟಿನ ಜಗಲಿ, ಹಾಲಿನ ಕ್ಯಾನುಗಳ ಹುಳಿವಾಸನೆ. ಜಗಲಿಯುದ್ದಕ್ಕೂ ಇಪ್ಪತ್ತು ಮೂವತ್ತು ಜನ, ಒಬ್ಬೊಬ್ಬರೂ ತಮ್ಮ ತಮ್ಮ ಅಂಗೈಯನ್ನು ನೋಡುತ್ತ. ಯಾರೂ ತಲೆಯೆತ್ತಲಿಲ್ಲ. ಅವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದು ತನಗೆ ಎಷ್ಟು ಆಸೆಯಿದೆಯೆಂಬುದು ಅವಳಿಗೇ ಆಗಷ್ಟೇ ಗೊತ್ತಾಯಿತು.

ಬೆಂಚಿನ ತುದಿಯಲ್ಲಿ ಕೂತಿದ್ದ, ಬಿಳಿ ಟೊಪ್ಪಿಯ, ಎಪ್ಪತ್ತು ದಾಟಿದ ಮುದುಕರೊಬ್ಬರು ಫೋನನ್ನು ಅವಳ ಮುಖದ ಹತ್ತಿರ ಹಿಡಿದರು. "ನೋಡಿ, ಇದೆಂತ ಅವಸ್ಥೆ." ಪರದೆಯಲ್ಲಿ ಒಬ್ಬ ಹೆಂಗಸಿನ ಮುಖ ಬಾಯಿ ತೆರೆದಲ್ಲೇ ಕಲ್ಲಾಗಿತ್ತು. "ನನ್ನ ಮಗಳು ಅಮೀರಾ, ಶಾರ್ಜಾದಲ್ಲಿರುದು. ಎಂತದೋ ಮುಖ್ಯ ವಿಷಯ ಹೇಳ್ತಿದ್ಲು, ಅರ್ಧಕ್ಕೇ ನಿಂತಿತು. ದಿನಾ ಹೀಗೇ. ಯಾರು ಹಾಕಿದ್ದೋ ಇದನ್ನು, ಹಾಕಿ ಓಡಿಹೋಗಿದ್ದಾರೆ. ಬೈಯುದಾದ್ರೂ ಯಾರಿಗೆ?"

"ನನಗೆ ಬೈಯಿರಿ," ಎಂದಳು ವಾರಿಜಾಕ್ಷಿ.

"ನಿಮಗ್ಯಾಕೆ ಬೈಯುದು? ನೀವು ಎಂತ ಮಾಡಿದ್ದೀರಿ?"

ಅದಕ್ಕೆ ಉತ್ತರ ಹೇಳಲು ಹೊರಟರೆ ರಾತ್ರಿಯಾಗುತ್ತಿತ್ತು. "ಕಂಪೆನಿಯಿಂದ ಬಂದದ್ದು ನಾನು. ನಿಮ್ಮ ಹೆಸರು?" ಎಂದು ಕೇಳಿದಳು. ಈ ಪ್ರಶ್ನೆಯನ್ನು ಅವಳು ಯಾರಿಗಾದರೂ ಕೇಳಿ ಎಷ್ಟೋ ವರ್ಷವಾಗಿತ್ತು. "ಮೂಸಕುಂಞಿ," ಎಂದ ಮುದುಕರು, ಕಂಪೆನಿ ಎಂಬ ಮಾತು ಕಿವಿಗೆ ಬಿದ್ದದ್ದೇ, ತಡೆದಿಟ್ಟಿದ್ದನ್ನೆಲ್ಲ ಹೊರಹಾಕಿದರು: ಮಳೆಗಾಲದಲ್ಲಿ ವಾರಗಟ್ಟಲೆ ಇರುವುದಿಲ್ಲ, ಕರೆಂಟು ಹೋದರೆ ಮುಗಿಯಿತು, ಜಗಲಿಯ ಆ ಮೂಲೆಗೆ ಸಿಗುತ್ತದೆ ಈ ಮೂಲೆಗೆ ಸಿಗುವುದಿಲ್ಲ, ನಿಮಗೆಲ್ಲ ಸಂಬಳ ಎಂತಕ್ಕೆ ಕೊಡುವುದು. ವಾರಿಜಾಕ್ಷಿ ಪ್ರತಿ ಮಾತಿಗೂ ಹೌದು ಹೌದು ಎನ್ನುತ್ತ, ಯಾರೋ ತಲೆಗೆ ತಣ್ಣನೆಯ ಎಣ್ಣೆ ತಟ್ಟುತ್ತಿದ್ದಾರೇನೋ ಎಂಬಂತೆ ನಿಂತು ಕೇಳಿದಳು. ಮಾತು ಮುಗಿದ ಮೇಲೆ ಗೋಡೆಯ ಕಡೆ ನೋಡಿದಳು. ಅವಳ ಪೆಟ್ಟಿಗೆ ಅಲ್ಲಿತ್ತು. ಅದರ ಆಂಟೆನಾ ಕೊಂಬಿನ ಮೇಲೆ ಯಾರೋ ಮೈ ಒರೆಸುವ ಒದ್ದೆ ಬೈರಾಸನ್ನು ಒಣಹಾಕಿದ್ದರು. ತುದಿಗಾಲಿನಲ್ಲಿ ನಿಂತು ಅದನ್ನು ಎಳೆದು ತೆಗೆದಳು.

ಶಾರ್ಜಾದ ಹೆಂಗಸು ತೆರೆದಿಟ್ಟ ಬಾಯಿಯಿಂದಲೇ ಮಾತು ಮುಂದುವರಿಸಿದಳು. ಮೂಸಕುಂಞಿಯವರ ಮುಖ ಅರಳಿತು. ಅವರು ಮಗಳಿಗೆ ಏನೋ ಹೇಳುತ್ತ, ಇನ್ನೊಂದು ಕೈಯನ್ನು ವಾರಿಜಾಕ್ಷಿಯ ಕಡೆ ಗಾಬರಿಯಿಂದ ಬೀಸಿದರು. "ಅಲ್ಲೇ! ಅಲ್ಲೇ ನಿಲ್ಲಿ ಮಾರಾಯ್ರೆ, ಅಲ್ಲಾಡ್ಬೇಡಿ. ನೀವು ಅಲ್ಲಿ ನಿಂತ ಮೇಲೆ ಸರಿಯಾದದ್ದು!"

ವಾರಿಜಾಕ್ಷಿ ಅಲ್ಲಾಡಲಿಲ್ಲ. ಒದ್ದೆ ಬೈರಾಸನ್ನು ಹಿಡಿದ ಕೈಯನ್ನು ಮೇಲೆತ್ತಿದಂತೆಯೇ, ಉಸಿರನ್ನೂ ಸಣ್ಣಕ್ಕೆ ಬಿಡುತ್ತ, ಅವರ ಮಾತು ಮುಗಿಯುವವರೆಗೆ ಗೋಡೆಗೆ ಒರಗಿ ನಿಂತಳು. ಮೊಣಕೈಯಿಂದ ನೀರು ಸೋರಿ ರವಿಕೆಯೊಳಗೆ ಇಳಿಯಿತು.